ಬಿಡುವಿನ ಲೆಕ್ಕ

ನಾಳೆ ಏನಾಗುವುದೆಂಬುದನ್ನು ಇಂದೇ ತಿಳಿಯಬೇಕೆಂಬ ಹಂಬಲ ಮನುಷ್ಯನನ್ನು ಎಂದೂ ಬಿಟ್ಟುದಿಲ್ಲ. ಮಗು ಹುಟ್ಟಿದೊಡನೆ ಜಾತಕ ಬರೆಯಿಸುತ್ತಾನೆ. ಯುಗಾದಿಯ ದಿನವೇ ಪಂಚಾಂಗ ತೆರೆದು ಈ ವರ್ಷ ಮಳೆ ಎಷ್ಟು ಕೊಳಗವೆಂದು ಕೇಳುತ್ತಾನೆ. ಒಕ್ಕಲಿಗನು ಭತ್ತದ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಕಾಳನ್ನು ಊದಿ ನೋಡಿ, ಎಕರೆಗೆ ಇಷ್ಟು ಚೀಲವಾದೀತೆಂದು ಹೇಳುತ್ತಾನೆ. ಪರೀಕ್ಷೆ ಬರೆದು ಬಂದ ಮಗನಾದರೋ ಪ್ರಶ್ನಪತ್ರಿಕೆಯ ಅಂಚಿನಲ್ಲಿ ಅಂಕಗಳನ್ನು ಕೂಡಿಸಿ, ಊಟಕ್ಕೆ ಕೂಡ್ರುವ ಮೊದಲೇ ತಾಯಿಯ ಮುಂದೆ ಫಲಿತಾಂಶವನ್ನು ಪ್ರಕಟಿಸಿಬಿಡುತ್ತಾನೆ. ಈ ಬಗೆಯ ಭವಿಷ್ಯಗಳ ಸಾಲಿನಲ್ಲಿ ಚಿಕ್ಕದಾದರೂ ಸ್ವಾರಸ್ಯವಾದ ಒಂದು ಉಂಟು: ಓಟಗಾರನು ಅಭ್ಯಾಸದ ಓಟವನ್ನು ನೋಡಿ ಪಂದ್ಯದ ಓಟದ ಸಮಯವನ್ನು ಮುಂಚಿತವಾಗಿ ಹೇಳುವುದು.

ಇದಕ್ಕೆ ಬಳಸುವ ಅಭ್ಯಾಸಕ್ಕೆ ಇಂಟರ್ವಲ್ ಓಟವೆಂದು ಹೆಸರು. ಇಂಟರ್ವಲ್ ಎಂದೊಡನೆ ಪಟ್ಟಣದ ವಾಚಕರಿಗೆ ಸಿನೆಮಾ ಮಂದಿರದ ಶೇಂಗಾಬೀಜವೂ ಚಹದ ಕಪ್ಪೂ ನೆನಪಾದರೆ ಅದು ತಪ್ಪಲ್ಲ. ಇಲ್ಲಿಯೂ ಅದು ಬಿಡುವೇ ಸರಿ. ಒಂದು ಗೊತ್ತಾದ ದೂರವನ್ನು ವೇಗವಾಗಿ ಓಡುವುದು, ಗೊತ್ತಾದಷ್ಟು ಹೊತ್ತು ದಣಿವಾರಿಸಿಕೊಳ್ಳುವುದು, ಮತ್ತೆ ಓಡುವುದು. ಹೀಗೆ ಎಂಟು ಬಾರಿ, ಹತ್ತು ಬಾರಿ. ಸಿನೆಮಾದಲ್ಲಿ ಬಿಡುವು ಮುಗಿದ ಮೇಲೆ ಕಥೆ ಹೇಗೆ ಮುಗಿಯುವುದೆಂದು ಊಹಿಸಬಲ್ಲ ಪ್ರೇಕ್ಷಕನಂತೆ, ಈ ಓಟ-ಬಿಡುವುಗಳ ಪಟ್ಟಿಯನ್ನು ನೋಡಿ ಪಂದ್ಯ ಹೇಗೆ ಮುಗಿಯುವುದೆಂದು ಊಹಿಸಬಲ್ಲ ಜಾಣರಿದ್ದಾರೆ. ಅವರ ಊಹೆ ಎಷ್ಟರ ಮಟ್ಟಿಗೆ ನಂಬತಕ್ಕುದು, ಅದರಿಂದ ಏನು ಪ್ರಯೋಜನ ಎಂಬುದೇ ಇಲ್ಲಿಯ ವಿಚಾರ.

ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು ೩೦ ಕಿಲೋಮೀಟರು ಹೋದರೆ ಕಲಘಟಗಿ ಸಿಗುತ್ತದೆ. ಬಯಲು ಸೀಮೆ ಮುಗಿದು ಮಲೆನಾಡಿನ ಸೆರಗು ಕಾಣತೊಡಗುವ ಊರು. ಬಣ್ಣದ ತೊಟ್ಟಿಲಿಗೆ ಹೆಸರಾದುದು. ಚೊಚ್ಚಲ ಬಾಣಂತಿಯ ತವರಿನವರು ಕಲಘಟಗಿಯ ತೊಟ್ಟಿಲನ್ನೇ ಬಯಸುವುದುಂಟು. ಆ ತೊಟ್ಟಿಲುಗಳಲ್ಲಿ ಮಲಗಿ ಬೆಳೆದ ಹುಡುಗರು ಹದಿನೆಂಟರ ಹೊಸ್ತಿಲು ದಾಟಿದೊಡನೆ ನಸುಕಿನಲ್ಲಿ ಎದ್ದು ಹೆದ್ದಾರಿಯ ಅಂಚಿನಲ್ಲಿ ಓಡತೊಡಗುವುದನ್ನು ಆ ಮಾರ್ಗವಾಗಿ ಬೆಳಗಿನ ಬಸ್ಸಿನಲ್ಲಿ ಹೋಗುವವರು ಕಂಡಿರಬಹುದು. ಇದು ಮೈ ಇಳಿಸುವ ಓಟವಲ್ಲ, ಹವ್ಯಾಸದ ಓಟವೂ ಅಲ್ಲ. ಇದು ಅನ್ನದ ಓಟ. ಪೊಲೀಸ್ ಪೇದೆಯ ಭರ್ತಿಗೆ ಗಂಡಸರು ೧೬೦೦ ಮೀಟರನ್ನು ೬ ನಿಮಿಷ ೩೦ ಸೆಕೆಂಡಿನೊಳಗೆ ಮುಗಿಸಬೇಕು. ಸೇನೆಯ ಭರ್ತಿಯಲ್ಲಿಯೂ ಅದೇ ದೂರ. ಆದರೆ ಹಲವು ವರ್ಷಗಳಿಂದ ನಡೆದುಬಂದ ಕ್ರಮದಲ್ಲಿ ೫ ನಿಮಿಷ ೩೦ ಸೆಕೆಂಡಿನೊಳಗೆ ಬಂದವನಿಗೆ ೬೦ ಅಂಕ, ಅಲ್ಲಿಂದ ೫ ನಿಮಿಷ ೪೫ ಸೆಕೆಂಡಿನವರೆಗೆ ಬಂದವನಿಗೆ ೪೮ ಅಂಕ. ಒಂದೇ ಒಂದು ಸೆಕೆಂಡಿನಲ್ಲಿ ಹನ್ನೆರಡು ಅಂಕಗಳು ಕೈಬಿಟ್ಟುಹೋಗುತ್ತವೆ. ನಾಲ್ಕೆಕರೆ ಒಣಬೇಸಾಯವನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳಬೇಕಾದ ಮನೆಯಲ್ಲಿ ಆ ಹನ್ನೆರಡು ಅಂಕಗಳ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಒಂದು ಮನೆಯ ಹುಡುಗನೊಬ್ಬ ಒಂದು ದಿನ ಬೆವರೊರೆಸಿಕೊಳ್ಳುತ್ತ ಬಂದು ತಾಯಿಯ ಮುಂದೆ ತನ್ನ ಭವಿಷ್ಯ ನುಡಿದನು. ಊರ ಮೈದಾನದಲ್ಲಿ ಅವನು ಎಂಟು ಸುತ್ತು ಓಡಿದ್ದನು. ಮೊದಲನೆಯದು ೭೨ ಸೆಕೆಂಡು. ಆ ಮೇಲೆ ಕ್ರಮವಾಗಿ ೭೪, ೭೬, ೭೭, ೭೯, ೮೦, ೮೨, ೮೪. ಕೂಡಿಸಿ ಎಂಟರಿಂದ ಭಾಗಿಸಿದರೆ ೭೮. ಸುತ್ತಿಗೆ ೪೦೦ ಮೀಟರು. ಪರೀಕ್ಷೆಗೆ ನಾಲ್ಕು ಸುತ್ತು. ನಾಲ್ಕೆಪ್ಪತ್ತೆಂಟು ೩೧೨ ಸೆಕೆಂಡು. ಎಂದರೆ ೫ ನಿಮಿಷ ೧೨ ಸೆಕೆಂಡು! ಹದಿನೆಂಟು ಸೆಕೆಂಡು ಉಳಿಕೆ. ತಾಯಿಗೆ ಸೆಕೆಂಡುಗಳ ಲೆಕ್ಕ ತಿಳಿಯದಿದ್ದರೂ ಮಗನ ಮುಖದ ಲೆಕ್ಕ ತಿಳಿಯಿತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು.

ಆ ಓಣಿಯಲ್ಲಿಯೇ ನಿವೃತ್ತರಾದ ಡ್ರಿಲ್ ಮಾಸ್ತರರೊಬ್ಬರು ಇದ್ದರು. ಮಾತು ಕಡಿಮೆ, ಕೈಯಲ್ಲಿ ಸದಾ ಒಂದು ಹಳೆಯ ಸ್ಟಾಪ್ ವಾಚು. ಅದರ ಬೆನ್ನಿನ ಬೆಳ್ಳಿ ಬಣ್ಣ ಅಳಿದು ಹಿತ್ತಾಳೆ ಕಾಣಿಸಿಕೊಂಡಿತ್ತು. ಹುಡುಗನ ತಾಯಿ ಅವರ ಮನೆಯ ಕಟ್ಟೆಗೆ ಬಂದು,

“ನಮ್ಮ ಹುಡುಗ ಐದ ನಿಮಿಷ ಹನ್ನೆರಡ ಸೆಕೆಂಡಿನ್ಯಾಗ ಓಡ್ತಾನಂತ್ರಿ ಮಾಸ್ತರ. ಇನ್ನ ನೌಕರಿಗೆ ಏನೂ ಅಡ್ಡಿ ಇಲ್ಲಲ್ರಿ?” ಎಂದಳು.

ಮಾಸ್ತರರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಅವನ್ನ ಕಳಸವ್ವಾ” ಎಂದರು. ಹುಡುಗ ಬಂದು ಕೈ ಕಟ್ಟಿ ನಿಂತನು.

“ತಮ್ಮಾ, ಮೂರ ಮಾತ ಕೇಳ್ತೀನಿ. ಸುತ್ತು ಎಷ್ಟ ಉದ್ದ ಐತಿ? ನಡುವ ಎಷ್ಟ ಹೊತ್ತ ಕುಂತಿ? ಕಡೀ ಸುತ್ತು ಎಷ್ಟಕ್ಕ ಬಂತು?”

“ನಾಕನೂರ ಮೀಟರ ಐತ್ರಿ ಸರ.”

“ಯಾರ ಅಳದವರು?”

“ನಾನೂ ನನ್ನ ಗೆಳ್ಯಾನೂ ಹೆಜ್ಜಿ ಹಾಕಿ ಅಳದೇವ್ರಿ.”

“ಮತ್ತ ಬಿಡುವು?”

ಹುಡುಗ ತಡವರಿಸಿದನು. ಬಿಡುವನ್ನು ಯಾರಾದರೂ ಅಳೆಯುತ್ತಾರೆಯೇ? ಉಸಿರು ತಣ್ಣಗಾಗುವವರೆಗೆ ಕುಳಿತಿದ್ದನು, ನೀರು ಕುಡಿದಿದ್ದನು, ಒಮ್ಮೆ ಮೊಬೈಲಿನಲ್ಲಿ ಮಾತನಾಡಿದ್ದನು. ನಾಲ್ಕು ನಿಮಿಷವಿರಬಹುದು, ಐದೂ ಇರಬಹುದು.

ಈ ಮೂರು ಪ್ರಶ್ನೆಗಳಲ್ಲಿ ಓಟದ ಜ್ಯೋತಿಷವೆಲ್ಲ ಅಡಗಿದೆ. ಆದುದರಿಂದ ಒಂದೊಂದನ್ನೇ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲನೆಯದು ಅಳತೆ. ಮರುದಿನ ಮಾಸ್ತರರು ಹಗ್ಗವೊಂದನ್ನು ೩೩ ಅಡಿಗೆ ಸರಿಯಾಗಿ ಕತ್ತರಿಸಿ ಮೈದಾನಕ್ಕೆ ತಂದರು. ೩೩ ಅಡಿಯೇ ಏಕೆ? ಹೊಲಮನೆಯ ಸಂಬಂಧ ಉಳಿಸಿಕೊಂಡ ವಾಚಕರಿಗೆ ಇದರ ಗುಟ್ಟು ತಿಳಿದೇ ಇದೆ. ಅದು ಮುಂಬಯಿ ಪ್ರಾಂತದ ಕಾಲದ ಮೋಜಣಿಯವರ ಸರಪಳಿಯ ಉದ್ದ. ೩೩ ಅಡಿ ಉದ್ದ, ೩೩ ಅಡಿ ಅಗಲದ ನೆಲ ಒಂದು ಗುಂಟೆ. ಅಂಥ ನಾಲ್ವತ್ತು ಗುಂಟೆಗೆ ಒಂದು ಎಕರೆ. ಈಗ ಒಂದು ಎಕರೆಯ ನಾಲ್ವತ್ತು ಗುಂಟೆಗಳನ್ನು ಒಂದರ ಮುಂದೊಂದರಂತೆ ಸಾಲಾಗಿ ಇಟ್ಟಿದ್ದಾರೆಂದು ಭಾವಿಸಿ. ಆ ಸಾಲಿನ ಉದ್ದ ೧೩೨೦ ಅಡಿ. ಎಂದರೆ ಸರಿಯಾಗಿ ಕಾಲು ಮೈಲು! ಇನ್ನೂ ಒಂದು ಚಮತ್ಕಾರವಿದೆ. ಹತ್ತು ಸರಪಳಿ ಉದ್ದ, ಹತ್ತು ಸರಪಳಿ ಅಗಲದ ಚೌಕ ಹೊಲ ಎರಡೂವರೆ ಎಕರೆ. ಅದರ ಬದುವಿನ ಮೇಲೆ ಒಂದು ಸುತ್ತು ಬಂದರೂ ಕಾಲು ಮೈಲೇ. ನಾಲ್ಕು ಸುತ್ತು ಬಂದರೆ ಒಂದು ಮೈಲು. ಕಾಲು ಮೈಲೆಂದರೆ ೪೦೨ ಮೀಟರು ಮತ್ತು ಚಿಲ್ಲರೆ. ಹೀಗೆ ಅಜ್ಜನ ಕಾಲದ ಭೂಮಾಪನಕ್ಕೂ ಇಂದಿನ ಓಟದ ಮೈದಾನಕ್ಕೂ ಸುತ್ತಿಗೆ ಎರಡು ಮೀಟರಿನಷ್ಟೇ ಅಂತರ.

ಆ ಹಗ್ಗದಿಂದ ಅಳೆದಾಗ ಹುಡುಗನ ಸುತ್ತು ಮೂವತ್ತೇಳು ಸರಪಳಿ ಮುಗಿದು ಮೇಲೆ ೨೬ ಅಡಿಗೆ ನಿಂತಿತು. ಎಂದರೆ ೩೮೦ ಮೀಟರು. ಇಪ್ಪತ್ತು ಮೀಟರಿಗೆ ಏನು ಮಹಾ ಎಂದು ಕೇಳಬಹುದು. ೩೮೦ ಮೀಟರನ್ನು ೭೮ ಸೆಕೆಂಡಿನಲ್ಲಿ ಓಡುವವನು ಅದೇ ವೇಗದಲ್ಲಿ ೪೦೦ ಮೀಟರಿಗೆ ೮೨ ಸೆಕೆಂಡು ತೆಗೆದುಕೊಳ್ಳುತ್ತಾನೆ. ನಾಲ್ಕು ಸುತ್ತಿಗೆ ೫ ನಿಮಿಷ ೨೮ ಸೆಕೆಂಡು. ಹದಿನೆಂಟು ಸೆಕೆಂಡಿನ ಉಳಿಕೆ ಎರಡಕ್ಕೆ ಇಳಿಯಿತು. ಅದೂ ಹುಡುಗ ಒಂದು ಹೆಜ್ಜೆಯನ್ನೂ ನಿಧಾನ ಮಾಡದೆ. ಮಾಸ್ತರರು ಸುತ್ತಿಗೆ ಇನ್ನೆರಡು ಸರಪಳಿ ಸೇರಿಸಿ, ನಾಲ್ಕು ಮೂಲೆಗಳಲ್ಲಿ ಕಲ್ಲು ನೆಟ್ಟು, ಸುಣ್ಣ ಬಳಿದರು.

ಎರಡನೆಯದು ಬಿಡುವು. ಎಲ್ಲ ಮೋಸವೂ ಇರುವುದು ಇಲ್ಲಿ. ವೇಗವಾಗಿ ಓಡುವಾಗ ಸ್ನಾಯುಗಳಲ್ಲಿ ಮೊದಲೇ ಕೂಡಿಟ್ಟ ಶಕ್ತಿ ಸ್ವಲ್ಪ ಹೊತ್ತಿನಲ್ಲೇ ಕರಗುತ್ತದೆ. ಆದರೆ ಸುಮ್ಮನೆ ಕುಳಿತರೆ ಮೂರು ನಾಲ್ಕು ನಿಮಿಷಗಳಲ್ಲಿ ಅದರ ಬಹುಪಾಲು ಮತ್ತೆ ತುಂಬಿಕೊಳ್ಳುತ್ತದೆ. ಐದು ನಿಮಿಷ ಕುಳಿತು ಎದ್ದವನು ಪ್ರತಿ ಸಲವೂ ಹೊಸ ಗಂಟಿನಿಂದ ಹಣ ತೆಗೆದು ಖರ್ಚು ಮಾಡಿದಂತೆ. ಪಂದ್ಯದಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ನಾಲ್ಕು ಸುತ್ತಿನ ಸಂಸಾರ ಒಂದೇ ಗಂಟಿನಲ್ಲಿ ಸಾಗಬೇಕು. ಶರೀರಶಾಸ್ತ್ರಜ್ಞರು ಲೆಕ್ಕ ಹಾಕಿರುವಂತೆ, ೪೦೦ ಮೀಟರಿನ ಒಂದೇ ಪಂದ್ಯದಲ್ಲಿ ಉಸಿರಾಡುವ ಗಾಳಿಯ ನೆರವಿನಿಂದ ದೊರೆಯುವ ಶಕ್ತಿ ಅರ್ಧಕ್ಕಿಂತ ಕಡಿಮೆ. ೧೫೦೦ ಮೀಟರಿನ ಪಂದ್ಯದಲ್ಲಿ ಅದು ಮುಕ್ಕಾಲಿಗಿಂತ ಹೆಚ್ಚು. ಆದುದರಿಂದ ಚೆನ್ನಾಗಿ ದಣಿವಾರಿಸಿಕೊಂಡು ಓಡಿದ ಒಂದು ಸುತ್ತು ಹುಡುಗನ ಕಾಲಿನ ಬಿರುಸನ್ನು ತಿಳಿಸೀತೇ ಹೊರತು ಅವನ ಎದೆಯ ತ್ರಾಣವನ್ನಲ್ಲ.

ಬಿಡುವಿಗೆ ಇಷ್ಟು ಮಹತ್ತ್ವವನ್ನು ಮೊದಲು ಕೊಟ್ಟವರಲ್ಲಿ ಜರ್ಮನಿಯ ಫ್ರೈಬುರ್ಗಿನ ಇಬ್ಬರು ಪ್ರಮುಖರು: ತರಬೇತಿಗಾರ ವೋಲ್ಡೆಮಾರ್ ಗೆರ್ಷ್ಲರ್ ಮತ್ತು ಹೃದಯದ ವೈದ್ಯ ಹರ್ಬರ್ಟ್ ರೈಂಡೆಲ್. ಓಟಗಾರನ ನಾಡಿ ನಿಮಿಷಕ್ಕೆ ೧೮೦ರ ಸುಮಾರಿಗೆ ಏರುವಂತೆ ಓಡಿಸಿ, ಅದು ೧೨೦ರ ಸುಮಾರಿಗೆ ಇಳಿಯುವವರೆಗೆ ಬಿಡುವು ಕೊಡಬೇಕೆಂಬುದು ಅವರ ಕ್ರಮ. ಇಳಿಯಲು ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ಓಟವೇ ಅತಿಯಾಯಿತೆಂದು ತಿಳಿಯುತ್ತಿದ್ದರು. ಗೆರ್ಷ್ಲರನ ಶಿಷ್ಯ ರುಡಾಲ್ಫ್ ಹಾರ್ಬಿಗ್ ೧೯೩೯ರಲ್ಲಿ ಮಿಲಾನಿನಲ್ಲಿ ೮೦೦ ಮೀಟರನ್ನು ೧ ನಿಮಿಷ ೪೬.೬ ಸೆಕೆಂಡಿನಲ್ಲಿ ಓಡಿ ಜಗತ್ತನ್ನು ಬೆರಗುಗೊಳಿಸಿದನು. ಲಾಭ ಆಗುವುದು ಓಡುವಾಗಲ್ಲ, ನಡುವಣ ಬಿಡುವಿನಲ್ಲಿ ಎಂಬುದು ಆ ಗುರುಗಳ ನಂಬಿಕೆ. ಅದರಿಂದಲೇ ಅಭ್ಯಾಸಕ್ಕೆ ಓಟದ ಹೆಸರು ಬಾರದೆ ಬಿಡುವಿನ ಹೆಸರು ಬಂದುದು ಸಾರ್ಥಕವೆನಿಸುತ್ತದೆ.

ಮೂರನೆಯದು ಕೊನೆಯ ಸುತ್ತು. ೭೨ರಿಂದ ತೊಡಗಿ ೮೪ಕ್ಕೆ ಮುಗಿದ ಪಟ್ಟಿಯ ಸರಾಸರಿ ೭೮ ಎಂಬುದು ಗಣಿತದ ದೃಷ್ಟಿಯಿಂದ ಸರಿ. ಆದರೆ ಹುಡುಗನ ಪಟ್ಟಿ ಒಂದೇ ಸಮನೆ ಇಳಿಜಾರಿನ ಪಟ್ಟಿ. ಅಷ್ಟು ಬಿಡುವು ಕೊಟ್ಟರೂ ಇಳಿಯುತ್ತ ಹೋದವನು ಬಿಡುವಿಲ್ಲದ ಪಂದ್ಯದಲ್ಲಿ ಎಲ್ಲಿಗೆ ಇಳಿದಾನು? ಕೊನೆಯ ಸುತ್ತಿನ ವೇಗವನ್ನೇ ಹಿಡಿದು ಲೆಕ್ಕ ಹಾಕಿದರೆ ೫ ನಿಮಿಷ ೫೪ ಸೆಕೆಂಡು ಬರುತ್ತದೆ. ನಿಜವಾದ ಉತ್ತರ ೫ ನಿಮಿಷ ೨೮ಕ್ಕೂ ೫ ನಿಮಿಷ ೫೪ಕ್ಕೂ ನಡುವೆ ಎಲ್ಲಿಯೋ ಇರಬೇಕು.

ಮಾಸ್ತರರು ಅದನ್ನು ಊಹೆಗೆ ಬಿಡಲಿಲ್ಲ. ಸರಿಯಾದ ಸುತ್ತಿನಲ್ಲಿ, ಸ್ಟಾಪ್ ವಾಚು ಹಿಡಿದು, ನಡುವೆ ಸರಿಯಾಗಿ ಎರಡೇ ನಿಮಿಷ ಬಿಡುವು ಕೊಟ್ಟು ಎಂಟು ಸಲ ಓಡಿಸಿದರು. ಸರಾಸರಿ ೮೭ ಬಂದಿತು. “ಐದ ನಿಮಿಷ ನಲವತ್ತೆಂಟು” ಎಂದರು. ಮುಂದಿನ ಭಾನುವಾರ ಹುಡುಗ ೧೬೦೦ ಮೀಟರನ್ನು ನಿಲ್ಲದೆ ಓಡಿದಾಗ ೫ ನಿಮಿಷ ೫೦ ಸೆಕೆಂಡಾಯಿತು. ಭವಿಷ್ಯ ನಿಜವಾಯಿತು, ಆದರೆ ಆ ಮನೆಯಲ್ಲಿ ಅಂದು ಯಾರಿಗೂ ಊಟ ರುಚಿಸಲಿಲ್ಲ.

ಎರಡು ನಿಮಿಷವೆಂಬ ಬಿಡುವನ್ನು ಮಾಸ್ತರರು ಎಲ್ಲಿಂದ ತಂದರೆಂಬ ಪ್ರಶ್ನೆಗೆ ಉತ್ತರ ಇಂಗ್ಲೆಂಡಿನಲ್ಲಿದೆ. ವೈದ್ಯಕೀಯ ವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್ ೧೯೫೩ರ ಡಿಸೆಂಬರಿನಲ್ಲಿ ತನ್ನ ಗೆಳೆಯರಾದ ಕ್ರಿಸ್ ಬ್ರಾಷರ್ ಮತ್ತು ಕ್ರಿಸ್ ಚಾಟವೇ ಇವರೊಡನೆ ಹತ್ತು ಕಾಲುಮೈಲುಗಳ ಅಭ್ಯಾಸವನ್ನು ತೊಡಗಿದನು. ನಡುವೆ ಎರಡೆರಡು ನಿಮಿಷ ಬಿಡುವು. ಮೊದಮೊದಲು ಒಂದೊಂದು ಕಾಲುಮೈಲಿಗೆ ೬೬ ಸೆಕೆಂಡು. ಚಳಿಗಾಲ ಕಳೆದು ಏಪ್ರಿಲ್ ಬರುವ ಹೊತ್ತಿಗೆ ೬೧. ಅಲ್ಲಿಗೆ ಗಾಡಿ ನಿಂತಿತು. ಏನು ಮಾಡಿದರೂ ೬೦ ಬಾರದು. ಆಗ ಬ್ಯಾನಿಸ್ಟರನೂ ಬ್ರಾಷರನೂ ಓಟವನ್ನೇ ಬಿಟ್ಟು ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಬೆಟ್ಟ ಹತ್ತಿದರು. ಹಿಂದಿರುಗಿ ಬಂದು ಓಡಿದರೆ ಹತ್ತೂ ೫೯ ಸೆಕೆಂಡಿನಲ್ಲಿ ಬಂದುವು. ಸುತ್ತುಗಳ ನಡುವಣ ಬಿಡುವಿನಂತೆ ತಿಂಗಳುಗಳ ನಡುವೆಯೂ ಒಂದು ಬಿಡುವು ಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಡ.

೫೯ನ್ನು ನಾಲ್ಕರಿಂದ ಗುಣಿಸಿದರೆ ೩ ನಿಮಿಷ ೫೬ ಸೆಕೆಂಡು. ೧೯೫೪ರ ಮೇ ೬ರಂದು ಆಕ್ಸ್‌ಫರ್ಡಿನ ಇಫ್ಲೀ ರಸ್ತೆಯ ಮೈದಾನದಲ್ಲಿ ಬ್ಯಾನಿಸ್ಟರ್ ಒಂದು ಮೈಲನ್ನು ಓಡಿದುದು ೩ ನಿಮಿಷ ೫೯.೪ ಸೆಕೆಂಡಿನಲ್ಲಿ. ನಾಲ್ಕು ನಿಮಿಷದೊಳಗೆ ಮೈಲು ಮುಗಿಸಿದ ಮೊದಲ ಮನುಷ್ಯನೆಂದು ಕೀರ್ತಿ ಪಡೆದನು. ಅಂದು ಗಾಳಿ ಜೋರಾಗಿತ್ತು; ಓಟವನ್ನು ಮುಂದೂಡಬೇಕೆಂದೂ ಅವನು ಯೋಚಿಸಿದ್ದನು. ಅಭ್ಯಾಸ ಹೇಳಿದ ಭವಿಷ್ಯಕ್ಕೂ ನಡೆದುದಕ್ಕೂ ಮೂರೂವರೆ ಸೆಕೆಂಡಿನ ಅಂತರ. ಅದೇ ಅಭ್ಯಾಸದ ಆರಂಭವನ್ನು ಹಿಡಿದು ಹೇಳಿದ್ದರೆ? ಡಿಸೆಂಬರಿನ ೬೬ನ್ನು ನಾಲ್ಕರಿಂದ ಗುಣಿಸಿದರೆ ೪ ನಿಮಿಷ ೨೪ ಸೆಕೆಂಡಾಗುತ್ತದೆ. ಆದರೆ ಬ್ಯಾನಿಸ್ಟರ್ ಅದೇ ವರ್ಷದ ಮೇ ತಿಂಗಳಿನಲ್ಲಿಯೇ ಮೈಲನ್ನು ೪ ನಿಮಿಷ ೩.೬ ಸೆಕೆಂಡಿನಲ್ಲಿ ಓಡಿದ್ದವನು! ಎಂದ ಮೇಲೆ ಒಂದು ದಿನದ ಅಭ್ಯಾಸದಿಂದ ಭವಿಷ್ಯ ನುಡಿಯುವುದು ಸಲ್ಲದು. ಬಿಡುವನ್ನು ಬದಲಿಸದೆ, ದೂರವನ್ನು ಬದಲಿಸದೆ, ವಾರ ವಾರದ ಅಂಕಿಗಳನ್ನು ಸಾಲಾಗಿ ಬರೆದು ನೋಡಿದಾಗ ಮಾತ್ರ ಅವು ಮಾತನಾಡುತ್ತವೆ.

ಗಣಿತದ ಸೂತ್ರಗಳೂ ಇಲ್ಲದಿಲ್ಲ. ಅಮೆರಿಕದ ಪೀಟ್ ರೀಗಲ್ ಎಂಬ ಎಂಜಿನಿಯರನು ೧೯೭೭ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದನು. ದೂರ ಇಮ್ಮಡಿಯಾದರೆ ಸಮಯ ಇಮ್ಮಡಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ನೂರಕ್ಕೆ ನಾಲ್ಕರಷ್ಟು ಹೆಚ್ಚೆಂದು ಇಟ್ಟುಕೊಳ್ಳಬಹುದು. ಒಂದು ಕಿಲೋಮೀಟರನ್ನು ೩ ನಿಮಿಷ ೩೫ ಸೆಕೆಂಡಿನಲ್ಲಿ ಶಕ್ತಿಮೀರಿ ಓಡಬಲ್ಲವನು ೧೬೦೦ ಮೀಟರನ್ನು ೫ ನಿಮಿಷ ೫೪ ಸೆಕೆಂಡಿನಲ್ಲಿ ಓಡಿಯಾನೆಂದು ಅದು ಹೇಳುತ್ತದೆ. ಆದರೆ ಮೂರೂವರೆ ನಿಮಿಷಕ್ಕಿಂತ ಬೇಗ ಮುಗಿಯುವ ಓಟಗಳಿಗೆ ತನ್ನ ಸೂತ್ರ ಹೊಂದದೆಂದು ಅದರ ಕರ್ತೃವೇ ಗೆರೆ ಎಳೆದಿದ್ದಾನೆ. ಒಂದೇ ಸುತ್ತಿನ ಓಟಕ್ಕೆ ಅದನ್ನು ಹಚ್ಚುವ ಹುಡುಗರು ಆ ಗೆರೆಯನ್ನು ಕಾಣುವುದಿಲ್ಲ.

ಬೆಂಗಳೂರಿನಲ್ಲಿ ೨೦೦೮ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರಿನ ಓಟವೇ ಮೊದಲಾದುವುಗಳ ದೆಸೆಯಿಂದ ಈಗ ಪಟ್ಟಣದ ಮನೆಮನೆಯಲ್ಲಿಯೂ ಒಬ್ಬ ಓಟಗಾರನೋ ಓಟಗಾರ್ತಿಯೋ ಇದ್ದಾರೆ. ಅವರಿಗೆ ಪ್ರಿಯವಾದ ಭವಿಷ್ಯ ಇನ್ನೊಂದು. ಅಮೆರಿಕದ ಬಾರ್ಟ್ ಯಾಸೊ ಎಂಬವನ ಹೆಸರಿನಲ್ಲಿ ೧೯೯೪ರಿಂದ ಪ್ರಚಾರಕ್ಕೆ ಬಂದುದು. ೮೦೦ ಮೀಟರನ್ನು ಹತ್ತು ಸಲ ಓಡಬೇಕು. ಓಡಿದಷ್ಟೇ ಹೊತ್ತು ನಡುವೆ ಮೆಲ್ಲಗೆ ಕಾಲೆಳೆಯಬೇಕು. ೮೦೦ ಮೀಟರಿಗೆ ೪ ನಿಮಿಷ ಹಿಡಿದರೆ ಪೂರ್ಣ ಮ್ಯಾರಥಾನಿಗೆ ೪ ಗಂಟೆ. ೩ ನಿಮಿಷ ೩೦ ಸೆಕೆಂಡು ಹಿಡಿದರೆ ೩ ಗಂಟೆ ೩೦ ನಿಮಿಷ. ನಿಮಿಷ ಗಂಟೆಯಾಗುತ್ತದೆ, ಸೆಕೆಂಡು ನಿಮಿಷವಾಗುತ್ತದೆ. ಕೇಳಲು ಮಂತ್ರದಂತಿದೆ, ಆದರೆ ಇದು ಅಂಕಿಗಳ ಆಕಸ್ಮಿಕ. ಗಂಟೆಗೆ ಅರವತ್ತು ನಿಮಿಷವಿರುವುದೂ, ಮ್ಯಾರಥಾನಿನ ೪೨.೧೯೫ ಕಿಲೋಮೀಟರಿನಲ್ಲಿ ೮೦೦ ಮೀಟರುಗಳು ಸುಮಾರು ೫೩ ಇರುವುದೂ ಕೂಡಿ ಬಂದುದರಿಂದ, ಅಭ್ಯಾಸದ ವೇಗ ಪಂದ್ಯದ ವೇಗಕ್ಕಿಂತ ತಕ್ಕಷ್ಟು ಹೆಚ್ಚಾಗಿ ಬಿದ್ದಿದೆ, ಅಷ್ಟೆ. ವಾರಕ್ಕೆ ಸಾಕಷ್ಟು ದೂರ ಓಡದೆ ಇದನ್ನೊಂದನ್ನೇ ನಂಬಿ ಹೋದವರನ್ನು ಮೂವತ್ತನೆಯ ಕಿಲೋಮೀಟರಿನ ಆಚೆ ಯಾವ ಮಂತ್ರವೂ ಕಾಯುವುದಿಲ್ಲ.

ಈ ಲೆಕ್ಕಗಳೊಂದೂ ಇಲ್ಲದ ಕಾಲದಲ್ಲಿಯೂ ಜನ ಓಡಿದರು. ಧಾರವಾಡದ ನೆರೆಯ ಬೆಳಗಾವಿಯ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ ೧೯೨೦ರಲ್ಲಿ ಆಂಟ್‌ವರ್ಪಿನ ಒಲಿಂಪಿಕ್ ಮ್ಯಾರಥಾನಿನಲ್ಲಿ ಓಡಿ, ೨ ಗಂಟೆ ೫೦ ನಿಮಿಷ ೪೫ ಸೆಕೆಂಡಿನಲ್ಲಿ ಹತ್ತೊಂಬತ್ತನೆಯವರಾಗಿ ಬಂದರು. ಅಂದಿನ ದಾರಿ ಇಂದಿಗಿಂತ ಅರ್ಧ ಕಿಲೋಮೀಟರಿನಷ್ಟು ಹೆಚ್ಚು, ೪೨.೭೫ ಕಿಲೋಮೀಟರು. ಭಾಗಿಸಿ ನೋಡಿದರೆ ಕಿಲೋಮೀಟರಿಗೆ ಸರಿಸುಮಾರು ನಾಲ್ಕೇ ನಿಮಿಷ. ಯಾಸೊವಿನ ಮಂತ್ರವನ್ನು ಹಿಂದುಮುಂದು ಮಾಡಿದರೆ, ೮೦೦ ಮೀಟರನ್ನು ೨ ನಿಮಿಷ ೫೦ ಸೆಕೆಂಡಿನಂತೆ ಹತ್ತು ಸಲ ಓಡಬಲ್ಲ ತ್ರಾಣ ಅವರಲ್ಲಿದ್ದಿರಬೇಕು. ಲೆಕ್ಕ ಹುಟ್ಟುವ ಮೊದಲೇ ಕಾಲುಗಳು ಲೆಕ್ಕವನ್ನು ಮುಗಿಸಿದ್ದುವು. ಹಾಗಾದರೆ ಈ ಲೆಕ್ಕದಿಂದ ಪ್ರಯೋಜನವೇನು?

ಪ್ರಯೋಜನವೇನೆಂಬುದು ಕಲಘಟಗಿಯ ಹುಡುಗನಿಗೆ ತಡವಾಗಿ ತಿಳಿಯಿತು. ಮೂರು ತಿಂಗಳು ಮಾಸ್ತರರು ಅವನನ್ನು ಪಳಗಿಸಿದರು. ವಾರಕ್ಕೆ ಎರಡು ದಿನ ಸುತ್ತುಗಳ ಓಟ, ಉಳಿದ ದಿನ ಹಗುರ ಓಟ, ಒಂದು ದಿನ ಪೂರ್ಣ ವಿಶ್ರಾಂತಿ. ಹುಡುಗ ವಿಶ್ರಾಂತಿಯ ದಿನವೂ ಕದ್ದು ಓಡುವನೆಂದು ತಾಯಿಯನ್ನೇ ಕಾವಲಿಟ್ಟರು. ಹಳೆಯ ನೋಟುಬುಕ್ಕಿನಲ್ಲಿ ೮೭ ಹೋಗಿ ೮೫ ಆಯಿತು, ೮೩ ಆಯಿತು. ಸೇನೆಯ ಭರ್ತಿಗೆ ಒಂದು ವಾರ ಮುಂಚಿನ ಪಟ್ಟಿ ಹೀಗಿತ್ತು: ೮೨, ೮೨, ೮೧, ೮೨, ೮೨, ೮೨, ೮೧, ೮೦. ಇಳಿಜಾರು ಎಲ್ಲಿಯೂ ಇಲ್ಲ. ಕೊನೆಯದೇ ಎಲ್ಲಕ್ಕಿಂತ ಬೇಗ. ಸರಾಸರಿ ಎಂಬತ್ತೊಂದೂವರೆ. “ಐದ ನಿಮಿಷ ಇಪ್ಪತ್ತಾರು. ಮಂದಿ ನೂಕ್ಯಾಟಕ್ಕ ಎರಡ ಸೆಕೆಂಡ ಹಿಡಿ. ಆದ್ರೂ ಒಳಗ ಬರ್ತಿ. ಮೊದಲ್ನೇ ಸುತ್ತು ಮಾತ್ರ ಎಂಬತ್ತೆರಡಕ್ಕಿಂತ ಜೋರ ಓಡಬ್ಯಾಡ” ಎಂದು ಮಾಸ್ತರರು ಹೇಳಿ ಕಳಿಸಿದರು.

ಭರ್ತಿಯ ಮೈದಾನದಲ್ಲಿ ನೂರು ಹುಡುಗರ ತಂಡ ಒಮ್ಮೆಲೇ ಹೊರಟಿತು. ನೂರು ಮನೆಗಳ ಆಸೆ ಒಂದೇ ಗೆರೆಯ ಮೇಲೆ ನಿಂತು ಏಕಕಾಲಕ್ಕೆ ಬಿಡುಗಡೆಯಾದರೆ ಅದರ ರಭಸ ಎಂಥದೆಂದು ನೋಡಿದವರೇ ಬಲ್ಲರು. ಎಲ್ಲರೂ ಹಾರಿದರು, ಇವನೂ ಹಾರಿದನು. ಹಿಂದೆ ಬಿದ್ದೇನೆಂಬ ಭಯದ ಮುಂದೆ ಎಂಬತ್ತೆರಡು ಎಂಬ ಅಂಕಿ ಮರೆತೇಹೋಯಿತು. ಎರಡನೆಯ ಸುತ್ತಿನ ಕೊನೆಗೆ ಎದೆ ಉರಿಯಿತು, ಮೂರನೆಯದರಲ್ಲಿ ಕಾಲು ಕಲ್ಲಾಯಿತು. ನಾಲ್ಕನೆಯದರ ಕೊನೆಯಲ್ಲಿ ಮೊದಲ ಗುಂಪನ್ನು ಬೇರ್ಪಡಿಸುವ ಹಗ್ಗ ಅವನ ಕಣ್ಣೆದುರಿಗೇ ಅಡ್ಡ ಬಿದ್ದಿತು. ಅವನ ಮುಂದೆ ಇಬ್ಬರಿದ್ದರು, ಅಷ್ಟೇ ದೂರ. ಆ ವರ್ಷದ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ.

ತಾಯಿಗೆ ಮುಖ ತೋರಿಸುವ ಮೊದಲು ಅವನು ಮಾಸ್ತರರ ಕಟ್ಟೆಗೆ ಬಂದನು. “ನಿಮ್ಮ ಲೆಕ್ಕ ತಪ್ಪಿತ್ರಿ ಸರ” ಎಂದನು. ಮಾಸ್ತರರು ಸಿಟ್ಟಾಗಲಿಲ್ಲ. ನೋಟುಬುಕ್ಕನ್ನು ಅವನ ಮುಂದೆ ಹಿಡಿದು,

“ಲೆಕ್ಕ ಹೇಳಿದ್ದು ನೀ ಎಷ್ಟಕ್ಕ ಮುಟ್ಟತಿ ಅನ್ನೂದಲ್ಲ ತಮ್ಮಾ, ಹೆಂಗ ಹೊರಡಬೇಕು ಅನ್ನೂದು. ಅದನ್ನ ನೀ ಕೇಳಲಿಲ್ಲ” ಎಂದರು.

ಇಷ್ಟೇ ಈ ವಿದ್ಯೆಯ ಸಾರ. ಜಾತಕದ ಭವಿಷ್ಯ ಕುಳಿತವನಿಗೂ ಫಲಿಸುವುದೆನ್ನುತ್ತಾರೆ. ಓಟದ ಭವಿಷ್ಯ ಹಾಗಲ್ಲ. ಅದನ್ನು ಪಾಲಿಸಿದವನಿಗೆ ಮಾತ್ರ ಫಲಿಸುತ್ತದೆ. ೫ ನಿಮಿಷ ೨೬ ಸೆಕೆಂಡು ಎಂಬುದು ಬರಲಿರುವ ಫಲವಲ್ಲ, ಮೊದಲ ಸುತ್ತಿಗೆ ಹಾಕಿದ ಕಡಿವಾಣ. ನೂರು ಜನ ಮುಂದೆ ಓಡುತ್ತಿರುವಾಗ, ತನ್ನ ಬಲವೆಷ್ಟೆಂದು ಬಲ್ಲವನು ಮಾತ್ರ ಹಿಂದೆ ಉಳಿಯುವ ಧೈರ್ಯ ಮಾಡಬಲ್ಲನು. ಆ ಧೈರ್ಯವನ್ನು ಕೊಡುವುದಕ್ಕಾಗಿಯೇ ಮೂರು ತಿಂಗಳ ಅಂಕಿಗಳು ಬೇಕು. ಬ್ಯಾನಿಸ್ಟರನೂ ತನ್ನ ಮೊದಲ ಸುತ್ತನ್ನು ಸ್ವಂತ ಉತ್ಸಾಹಕ್ಕೆ ಬಿಟ್ಟಿರಲಿಲ್ಲ. ಮುಂದೆ ಬ್ರಾಷರನನ್ನು ಓಡಬಿಟ್ಟು, ಅವನ ಬೆನ್ನಿನ ಹಿಂದೆ ೫೭.೫ ಸೆಕೆಂಡಿನಲ್ಲಿ ಸುತ್ತನ್ನು ಮುಗಿಸಿದ್ದನು. ಇನ್ನೂ ವೇಗ ಹೆಚ್ಚಿಸೆಂದು ಅವನು ಹಿಂದಿನಿಂದ ಕೂಗಿದರೂ ಬ್ರಾಷರ್ ಕಿವಿಗೊಡದೆ ತನ್ನ ಗತಿಯನ್ನೇ ಹಿಡಿದುದು ಆ ದಿನದ ಭಾಗ್ಯ. ಕಲಘಟಗಿಯ ಹುಡುಗನಿಗೆ ಅಂಥ ಬ್ರಾಷರ್ ಇರಲಿಲ್ಲ. ನೋಟುಬುಕ್ಕೇ ಬ್ರಾಷರ್ ಆಗಬೇಕಿತ್ತು.

ಮರುವರ್ಷ ವಯಸ್ಸು ಮೀರಿರಲಿಲ್ಲವಾಗಿ ಅವನು ಮತ್ತೊಮ್ಮೆ ನಿಂತನು. ಈ ಸಲ ಅಭ್ಯಾಸದ ಸರಾಸರಿ ೮೦ಕ್ಕೆ ಬಂದಿತ್ತು. ಹೊರಟೊಡನೆ ಜನಪ್ರವಾಹ ಅವನನ್ನು ದಾಟಿಹೋಯಿತು. ಅವನು ಬಾಯಲ್ಲಿ ಎಣಿಸುತ್ತ ತನ್ನ ಎಂಬತ್ತರಲ್ಲಿಯೇ ಓಡಿದನು. ಮೊದಲ ಸುತ್ತಿನ ಕೊನೆಗೆ ಹಿಂದಿನವರನ್ನು ಎಣಿಸಲು ಎರಡು ಕೈಯ ಬೆರಳು ಸಾಕಾಗಿದ್ದುವು. ಎರಡನೆಯದರಲ್ಲಿ ಮುಂದಿನವರು ಒಬ್ಬೊಬ್ಬರಾಗಿ ಹತ್ತಿರವಾದರು. ಮೂರನೆಯದರಲ್ಲಿ ಗುಂಪುಗುಂಪಾಗಿ ಹಿಂದೆ ಸರಿದರು. ಹಗ್ಗ ಬಿದ್ದಾಗ ಅವನು ಅದರ ಆಚೆ ಮೊಣಕಾಲ ಮೇಲೆ ಕೈಯೂರಿ ಉಸಿರಾಡುತ್ತಿದ್ದನು. ಆ ಮೇಲಿನ ವೈದ್ಯಕೀಯ ಪರೀಕ್ಷೆ, ಕಾಗದಪತ್ರ, ಕಾಯುವ ತಿಂಗಳುಗಳು ಬೇರೆ ಕಥೆ. ಅವುಗಳ ಸಮಯವನ್ನು ಮುಂಚಿತವಾಗಿ ಹೇಳುವ ಸೂತ್ರವನ್ನು ಯಾವ ರೀಗಲನೂ ಕಂಡುಹಿಡಿದಿಲ್ಲ.

ಈಚೆಗೆ ಕೈಗಡಿಯಾರಗಳೇ ನಾಡಿಯನ್ನು ನೋಡಿ ಪಂದ್ಯದ ಸಮಯವನ್ನು ಹೇಳಿಬಿಡುತ್ತವೆ. ಪಟ್ಟಣದ ತಂದೆಯೊಬ್ಬ ಮಗನ ಹುಟ್ಟುಹಬ್ಬಕ್ಕೆ ಅಂಥದೊಂದನ್ನು ಕೊಂಡುಕೊಟ್ಟರೆ ಬೇಡವೆನ್ನುವವರಾರು? ಆದರೆ ಗಡಿಯಾರ ಎಷ್ಟೇ ಜಾಣವಾದರೂ ಮನೆಯ ಹಿರಿಯರು ಕೇಳಬೇಕಾದ ಮಾತು ಉಳಿದೇ ಇರುತ್ತದೆ. ಮಗನಾಗಲಿ ಮಗಳಾಗಲಿ ಬೆಳಗಿನ ಓಟ ಮುಗಿಸಿ ಬಂದು ಇಂದು ಇಷ್ಟು ಬೇಗ ಓಡಿದೆನೆಂದು ಹೇಳಿದಾಗ, ಭೇಷ್ ಎಂದು ಬೆನ್ನು ತಟ್ಟಿ, ಬಿಸಿ ಹಾಲಿನ ಲೋಟ ಕೈಗಿತ್ತು, ಆ ಮೇಲೆ ಮೆಲ್ಲಗೆ ಕೇಳಬೇಕು: ನಡುವೆ ಎಷ್ಟು ಹೊತ್ತು ಕುಳಿತೆ? ಕೊನೆಯ ಸುತ್ತು ಎಷ್ಟಕ್ಕೆ ಬಂದಿತು?